ಸ್ಕೇಲಿನ ನೆರಳು

'ಸುಮಾರು' ಎಂಬ ಪದ ಕಿವಿಗೆ ಬಿದ್ದರೆ ಸಾಕು, ಮೇಡಮ್ಮನವರ ಹುಬ್ಬು ಗಂಟಿಕ್ಕುತ್ತಿತ್ತು. ಯಾರಾದರೂ ಎರಡು ಕೈ ಅಗಲಿಸಿ "ಇಷ್ಟುದ್ದ ಇತ್ತು" ಎಂದರೆ, "ಹಾಗೇ ಹಿಡ್ಕೊಂಡಿರಿ" ಎಂದು ಆ ಕೈಗಳನ್ನು ಗಾಳಿಯಲ್ಲೇ ನಿಲ್ಲಿಸಿ, ಬೂದುಬಣ್ಣದ ಕೋಟಿನ ಜೇಬಿನಿಂದ ಉಕ್ಕಿನ ಸ್ಕೇಲು ತೆಗೆದು ಅಳೆದೇಬಿಡುವ ಹೆಂಗಸು ಅವರು. ಬೇಸಿಗೆಯಲ್ಲೂ ಆ ಕೋಟು ಮೈಮೇಲಿಂದ ಇಳಿಯುತ್ತಿರಲಿಲ್ಲ. ಆರಿಂಚಿನ ಸ್ಕೇಲು ನೆಟ್ಟಗೆ ನಿಲ್ಲುವ ಜೇಬು ಬೇರಾವ ಉಡುಪಿಗೂ ಇಲ್ಲವೆಂಬುದು ಅವರ ವಾದ. ಕಚೇರಿಯಲ್ಲಿ ಎಲ್ಲರೂ ಅವರನ್ನು 'ಕೂದಲೆಳೆ ಮೇಡಂ' ಎನ್ನುತ್ತಿದ್ದೆವು. ಅವರ ಮೇಜಿನಿಂದ ಸಾಹೇಬರ ಕೋಣೆಗೆ ನಲವತ್ತೊಂದು ಹೆಜ್ಜೆ, ಯಾವ ದಿನವೂ ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ನಾನು ಎಣಿಸಿದ್ದೇನೆ, ಸಹವಾಸದೋಷ.

ಹಳೆಯ ಕಟ್ಟಡಗಳ ಸುರಕ್ಷತೆಯನ್ನು ಪರೀಕ್ಷಿಸುವ ಆ ಕಚೇರಿಯಲ್ಲಿ ನಾನು ವರದಿ ಬರೆಯುವವನು, ಅವರು ಗೋಡೆಯ ಬಿರುಕುಗಳನ್ನು ಫೋಟೋದಲ್ಲಿ ಅಳೆಯುವವರು. ಬಿರುಕಿನ ಪಕ್ಕ ಸ್ಕೇಲು ಹಿಡಿದು ಚಿತ್ರ ತೆಗೆದು, ಒಂದು ಮಿಲಿಮೀಟರಿಗೆ ಪರದೆಯ ಮೇಲೆ ಎಷ್ಟು ಚುಕ್ಕಿ ಬರುತ್ತದೆಂದು ಎಣಿಸಿ, ಆ ಲೆಕ್ಕದಲ್ಲಿ ಬಿರುಕಿನ ಅಗಲ ಹೇಳುವುದು ಕೆಲಸ. ಕೇಳಲು ಮಕ್ಕಳಾಟ. ಆದರೆ ಇನ್ನೊಬ್ಬರು ತೆಗೆದ ಚಿತ್ರವನ್ನು ಅವರು ಜಪ್ಪಯ್ಯ ಎಂದರೂ ನಂಬುತ್ತಿರಲಿಲ್ಲ. ಅಳತೆ ಮೊದಲೇ ಗೊತ್ತಿರುವ ವಸ್ತುವೊಂದನ್ನು ಅದೇ ಚಿತ್ರದಲ್ಲಿ ಹುಡುಕಿ ಅಳೆಯಬೇಕು. ಅದು ಸರಿಬಂದರೆ ಮಾತ್ರ ಮುಂದಿನ ಮಾತು. ಬಿರುಕಿನ ಪಕ್ಕ ನಾಣ್ಯವಿಟ್ಟು ತೆಗೆದು, ಪುಟಕ್ಕೆ ಹೊಂದಲೆಂದು ಅಡ್ಡಡ್ಡ ಎಳೆದ ಚಿತ್ರವನ್ನು ತಂದ ಗುತ್ತಿಗೆದಾರನೊಬ್ಬನಿಗೆ, "ನಿಮ್ಮ ಕಡೆ ನಾಣ್ಯ ಮೊಟ್ಟೆ ಥರ ಇರುತ್ತಾ?" ಎಂದು ಕೇಳಿ ಬೆವರಿಳಿಸಿದ್ದರು. ಯಾವ ಸಂಖ್ಯೆ ಹೇಳಿದರೂ ಅವರದು ಒಂದೇ ಪಲ್ಲವಿ: "ಯಾವುದಕ್ಕೆ ಹೋಲಿಸಿ?"

ಅವರನ್ನು ನಾನು ನಿಜವಾಗಿ ಕಂಡದ್ದು ನನ್ನಕ್ಕ ವಾಸವಿದ್ದ ಕಟ್ಟಡದ ಪ್ರಕರಣದಲ್ಲಿ. ಮೆಟ್ಟಿಲ ಪಕ್ಕದ ಗೋಡೆಯ ಬಿರುಕು ಹಿಂದಿನ ವರ್ಷದ ವರದಿಯಲ್ಲಿ ಎರಡು ಪಾಯಿಂಟ್ ನಾಲ್ಕು ಮಿಲಿಮೀಟರ್, ಈ ವರ್ಷ ಸರಿಯಾಗಿ ಮೂರು. ನಿಂತ ಬಿರುಕಾದರೆ ತುಂಬಿ ಮುಚ್ಚಬಹುದು. ಬೆಳೆಯುವ ಬಿರುಕಾದರೆ ಜನ ಜಾಗ ಬಿಡಬೇಕು. ಹದಿನೆಂಟು ಸಂಸಾರಗಳು ಸಂಜೆಯೊಳಗೆ ಮನೆ ಖಾಲಿ ಮಾಡಬೇಕೆಂಬ ಆದೇಶ ಸಾಹೇಬರ ಸಹಿಗೆ ಕಾಯುತ್ತಿತ್ತು. ಅಕ್ಕ ಫೋನಿನಲ್ಲಿ ಅಳುತ್ತಿದ್ದಳು. "ಎರಡು ಮಕ್ಕಳನ್ನ ಕಟ್ಕೊಂಡು ಎಲ್ಲಿಗೆ ಹೋಗ್ಲೋ? ನಿಮ್ಮ ಮೇಡಂಗೆ ಒಂದು ಮಾತು ಹೇಳೋ."

ನಾಚಿಕೆ ಬಿಟ್ಟು ಹೇಳಿದೆ. ಅವರು ಕಡ್ಡಿ ಮುರಿದಂತೆ ಅಂದರು: "ನಿಮ್ಮಕ್ಕ ಇದ್ದಾರೆ ಅಂತ ಬಿರುಕು ಚಿಕ್ಕದಾಗಲ್ಲಪ್ಪ."

ನನಗೆ ರೇಗಿತು. ಅವರ ಮಾತನ್ನೇ ಅವರತ್ತ ಎಸೆದೆ. "ಬೆಳೆದಿದೆ ಅಂತೀರಲ್ಲ, ಯಾವುದಕ್ಕೆ ಹೋಲಿಸಿ?"

ಮೇಡಂ ಊಟದ ಡಬ್ಬಿಯನ್ನು ಪಕ್ಕಕ್ಕೆ ತಳ್ಳಿ, ಹಿಂದಿನ ವರ್ಷದ ಚಿತ್ರವನ್ನು ಪರದೆಗೆ ತಂದರು. ಬಿರುಕಿನ ಪಕ್ಕದಲ್ಲೊಂದು ಸ್ವಿಚ್ ಬೋರ್ಡು. ಈ ವರ್ಷದ ಚಿತ್ರವನ್ನು ಕಚೇರಿಯ ಫೋಟೋಗ್ರಾಫರ್ ತೆಗೆದದ್ದರಿಂದ ಅದರ ಪರೀಕ್ಷೆ ಆಗಲೇ ಮುಗಿದಿತ್ತು: ಬೋರ್ಡಿನ ಅಗಲ ನೂರು ಮಿಲಿಮೀಟರ್. ಹಳೆಯ ಚಿತ್ರದಲ್ಲಿ ಅಳೆದರೆ ಎಂಬತ್ತು!

"ಬೋರ್ಡು ಬದಲಾಯಿಸಿದ್ರಾ, ಕೇಳಿ!"

"ಇಲ್ವೋ, ನಾವು ಬಂದಾಗಿಂದ ಅದೇ," ಎಂದಳು ಅಕ್ಕ ಫೋನಿನಲ್ಲಿ.

ಮೇಡಂ ಚಿತ್ರವನ್ನು ಹಿಗ್ಗಿಸುತ್ತ ಹೋಗಿ, ಕೂಗಿಯೇಬಿಟ್ಟರು. "ನೆರಳು ನೋಡಿ, ನೆರಳು!" ಸ್ಕೇಲಿನ ನೆರಳು ಸ್ಕೇಲಿಗೆ ಅಂಟಿಕೊಂಡಿರದೆ ದೂರದಲ್ಲಿ ಗೋಡೆಯ ಮೇಲೆ ಬಿದ್ದಿತ್ತು. ಸ್ಕೇಲನ್ನು ಗೋಡೆಗೆ ಒತ್ತದೆ, ಗೋಡೆಯಿಂದ ಮೂರು ಬೆರಳು ಮುಂದಿದ್ದ ನೀರಿನ ಪೈಪಿಗೆ ಒತ್ತಿ ಹಿಡಿಯಲಾಗಿತ್ತು. ಕ್ಯಾಮೆರಾಕ್ಕೆ ಹತ್ತಿರವಾದ ಸ್ಕೇಲು ದೊಡ್ಡದಾಗಿ ಕಂಡು, ಹಿಂದಿನ ಬಿರುಕು ಲೆಕ್ಕದಲ್ಲಿ ಕಿರಿದಾಗಿತ್ತು. ಹೋದ ವರ್ಷವೂ ಅದು ಮೂರೇ, ಒಂದಿಷ್ಟೂ ಬೆಳೆದಿರಲಿಲ್ಲ. ನಾನು ಕುಣಿಯುವುದೊಂದು ಬಾಕಿ. ಆಗ ಸ್ಕೇಲು ಹಿಡಿದ ಕೈ ಕಣ್ಣಿಗೆ ಬಿತ್ತು. ಕೋಟಿನ ತೋಳು ಬೂದುಬಣ್ಣದ್ದು.

"ಕ್ಯಾಮೆರಾ ದೋಷ ಅಂತ ಬರೆದುಬಿಡ್ಲಾ ಮೇಡಂ?" ಎಂದೆ, ಮೆಲ್ಲಗೆ.

"ಕ್ಯಾಮೆರಾ ಏನು ಮಾಡ್ತು ಪಾಪ? ತಪ್ಪು ನನ್ನದು ಅಂತ ಬರೀರಿ. ಎಷ್ಟು ಅಂತಾನೂ ಬರೀರಿ, ಸೊನ್ನೆ ಪಾಯಿಂಟ್ ಆರು." ಹಾಗೆಂದವರೇ ಸಾಹೇಬರ ಕೋಣೆಗೆ ಓಡಿದರು. ಅಂದು ಅವರಿಗೆ ತಗುಲಿದ್ದು ಇಪ್ಪತ್ತಾರೇ ಹೆಜ್ಜೆ. "ಬೇರೆಯವರ ಕೈ ಆಗಿದ್ರೆ ಪರೀಕ್ಷೆ ಮಾಡ್ತಿದ್ದೆ ಸಾರ್," ಎಂದರು ಏದುಸಿರಿನಲ್ಲಿ, "ನನ್ನದು ಅಂತ ನಂಬಿಬಿಟ್ಟೆ." ಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿ, ಗೋಡೆಯ ಬಳಿಗೇ ಹೋಗಿ ನೋಡಿ ಬರಲು ಹೇಳಿದರು. ನಾಲ್ಕು ಗಂಟೆಗೆ ಅಕ್ಕ ಟಾರ್ಚು ಹಿಡಿದಳು, ಮೇಡಂ ಉಕ್ಕಿನ ಸ್ಕೇಲನ್ನು ಸ್ವಿಚ್ ಬೋರ್ಡಿಗೆ ಒತ್ತಿದರು. ಸರಿಯಾಗಿ ನೂರು. ಕಟ್ಟಿಟ್ಟಿದ್ದ ಪಾತ್ರೆಗಳ ಗಂಟನ್ನು ಅಕ್ಕ ಆಗಲೇ ಬಿಚ್ಚತೊಡಗಿದಳು.

ಇಂಥವರ ಜೊತೆ ಬಾಳುವುದು ಸುಲಭವಲ್ಲ. ನಮ್ಮ ಉತ್ಪ್ರೇಕ್ಷೆಗಳಿಗೆ, ಅಂದಾಜುಗಳಿಗೆ, ನಿರಪಾಯಕರ ಬಡಾಯಿಗೆ ಕೂಡ ಅವರು ಜಾಗ ಕೊಡುವುದಿಲ್ಲ, ನಾವು ಗೊಣಗುತ್ತಲೇ ಇರುತ್ತೇವೆ. ಆದರೆ ನನ್ನವರ ತಲೆಯ ಮೇಲಿನ ಸೂರಿನ ಬಗ್ಗೆ ಯಾರಾದರೂ ತೀರ್ಪು ಹೇಳಬೇಕಾಗಿ ಬಂದರೆ, ಅದು ತನ್ನ ತಪ್ಪನ್ನೂ ದಶಾಂಶದವರೆಗೆ ಅಳೆದು ಹೇಳಬಲ್ಲ ಇಂಥವರೊಬ್ಬರ ಬಾಯಿಂದಲೇ ಬರಲಿ.