ಆರ್ಡೆಲ್ ಕ್ವಾಮ್‌ನ ಮೊದಲ ಮಸೂದೆ

ಆರ್ಡೆಲ್ ಕ್ವಾಮ್ ಹದಿನೆಂಟು ವರ್ಷ ನಮ್ಮ ರಾಜ್ಯದ ವಿಧಾನಸಭೆಯಲ್ಲಿ ನನ್ನ ಎಡಗಡೆ ಕೂತಿದ್ದ. ಅವನು ಡೆಮಾಕ್ರಾಟ್, ನಾನು ರಿಪಬ್ಲಿಕನ್. ಅಷ್ಟು ವರ್ಷದಲ್ಲಿ ಅವನು ಒಂದು ಮಸೂದೆ ತರಲಿಲ್ಲ, ಒಂದು ಭಾಷಣ ಮಾಡಲಿಲ್ಲ. ಅವನ ಎದುರಾಳಿಗಳು ಕರಪತ್ರದಲ್ಲಿ ಹಾಕಲು ಅವನದೊಂದು ಮಾತಿಗಾಗಿ ದಾಖಲೆಗಳನ್ನೆಲ್ಲ ಜಾಲಾಡಿ, ಏನೂ ಸಿಗದೆ ಸೋಲುತ್ತಿದ್ದರು. ಅವನ ಮೌನವನ್ನು ನಾನು ಮೊದಲು ಬುದ್ಧಿವಂತಿಕೆ ಎಂದುಕೊಂಡಿದ್ದೆ. ಆಮೇಲೆ ಕೆಲವು ವರ್ಷ ಕಿವುಡು ಎಂದುಕೊಂಡೆ.

ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಅವನು ಒಂದು ಮಸೂದೆ ತಂದ. ಆಂಬುಲೆನ್ಸಿನಲ್ಲಿ ತರಬೇತಿ ಪಡೆದ ಇಬ್ಬರು ಇರಬೇಕೆಂಬುದು ನಿಯಮ. ಅವನ ಊರು ಬ್ರೆನ್ನಾದಲ್ಲಿ ಅಂಥವರಲ್ಲಿ ಉಳಿದಿದ್ದವಳು ಒಬ್ಬಳೇ, ಅವನ ಹೆಂಡತಿ ಇಂಗಾ. ಗಾಡಿ ಓಡಿಸುವವನಿಗೆ ಆ ತರಬೇತಿ ಬೇಡ ಎಂದು ಕಾನೂನು ತಿದ್ದದಿದ್ದರೆ ಜುಲೈ ಒಂದರಿಂದ ಗಾಡಿಗೆ ಬೀಗ. ಹತ್ತಿರದ ಇನ್ನೊಂದು ಆಂಬುಲೆನ್ಸ್ ಐವತ್ತು ಮೈಲಿ ದೂರ. ಮಸೂದೆಯ ದಿನ ಇಂಗಾ ಬಂದಿರಲಿಲ್ಲ. ಅವಳು ಬಂದರೆ ಅಷ್ಟು ಹೊತ್ತು ಊರಿನಲ್ಲಿ ಯಾರಿಗೂ ಎದೆ ನೋಯುವಂತಿರಲಿಲ್ಲ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಯಾರದೇ ಮೊದಲ ಮಸೂದೆ ಬಂದಾಗ ಎಲ್ಲರೂ ಸೇರಿ ಅವರನ್ನು ಗೋಳು ಹೊಯ್ದುಕೊಳ್ಳುತ್ತೇವೆ. ಹುಚ್ಚುಚ್ಚು ಪ್ರಶ್ನೆ ಕೇಳಿ, ಕೊನೆಗೆ ಎಲ್ಲರೂ ಕೆಂಪು ಗುಂಡಿ ಒತ್ತುತ್ತೇವೆ. ಗೋಡೆಯ ಫಲಕ ಕೆಂಪಾಗಿ, ಪಾಪದವರ ಮುಖ ಬಿಳುಚಿದ ಮೇಲೆ ಹಸಿರಿಗೆ ಬದಲಾಯಿಸುತ್ತೇವೆ. ಇಪ್ಪತ್ತೈದರ ಹುಡುಗರಿಗೆ ಮಾಡುವುದನ್ನು ಈ ಮುದುಕನಿಗೂ ಮಾಡೋಣ ಎಂದವಳು ನಾನೇ.

"ಮಾನ್ಯ ಸದಸ್ಯರೇ, ಈ ಗಾಡಿಲಿ ದನಾನೂ ಹತ್ತಿಸ್ಬೋದಾ?" ಎಂದು ಮುಂದಿನ ಸಾಲಿನ ಕರ್ಟ್ ಶೆಫರ್ ಕೇಳಿದ.

ಆರ್ಡೆಲ್ ಎದ್ದು ನಿಂತ. ಯೋಚಿಸಿದ. "ದನ ಹಿಡಿಯಲ್ಲ. ಕರು ಹಿಡಿಯುತ್ತೆ."

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮತ ಶುರುವಾಯಿತು, ಫಲಕ ಕೆಂಪಾಯಿತು. ಆದರೆ ಅದು ಮಸೂದೆಗಳಿಗೆ ಕೊನೆಯ ದಿನ, ಆ ದಿನದ ಕೊನೆಯ ಮಸೂದೆ. ಸಭಾಧ್ಯಕ್ಷ ಹ್ರುಸ್ಕಾನ ಮೊಮ್ಮಗಳು ಸಂಜೆ ಬಾಸ್ಕೆಟ್‌ಬಾಲ್ ಆಡುವವಳಿದ್ದಳು. ಅವನು ಗಡಿಯಾರ ನೋಡುತ್ತಾ, ದಿನವಿಡೀ ಹೇಳಿದಂತೆಯೇ ಒಂದೇ ಉಸಿರಿಗೆ, "ಎಲ್ಲರ ಮತ ಆಯ್ತು, ಮುಗೀತು" ಎಂದುಬಿಟ್ಟ. ನಮ್ಮ ಬೆರಳುಗಳು ಇನ್ನೂ ಹಸಿರಿನ ದಾರಿಯಲ್ಲಿದ್ದವು. ಫಲಕ ಸ್ತಬ್ಧವಾಯಿತು. ತೊಂಬತ್ತಮೂರು ಕೆಂಪು, ಒಂದು ಹಸಿರು.

ಬಿದ್ದ ಮಸೂದೆಯನ್ನು ಮತ್ತೆ ಮತಕ್ಕೆ ಹಾಕಿ ಎಂದು ಕೇಳುವ ಹಕ್ಕು ಗೆದ್ದ ಕಡೆಯವರಿಗೆ ಮಾತ್ರ. ಅಂದರೆ ಆರ್ಡೆಲ್‌ಗೆ ಇಲ್ಲ, ನಮಗೆಲ್ಲ ಇದೆ. ಸಭೆ ಮುಗಿಯುವುದರೊಳಗೆ ಒಬ್ಬರು ಎದ್ದು, ಕಾರಣವನ್ನೂ ಹೇಳಬೇಕು. ಅದು ಅಕ್ಷರಶಃ ದಾಖಲಾಗುತ್ತದೆ. ಮೇಲೆ ಗ್ಯಾಲರಿಯಲ್ಲಿ ಪತ್ರಿಕೆಯವಳು ಬೇರೆ ಕೂತಿದ್ದಳು.

"ಯಾರಾದ್ರೂ ಏಳ್ರೋ," ಎಂದು ಕರ್ಟ್ ಪಿಸುಗುಟ್ಟಿದ.

"ನೀನೇ ಏಳು. ದನ ತಂದೋನು ನೀನು," ಎಂದ ಅವನ ಪಕ್ಕದವನು.

"ಈ ಸಲ ನನ್ನ ಸೀಟು ಕಷ್ಟ ಇದೆ, ಮಾರಾಯ."

ಎಲ್ಲರ ಸೀಟೂ ಕಷ್ಟದಲ್ಲಿತ್ತು. ಹಿಂದಿನ ಸಲ ನಾನು ಗೆದ್ದಿದ್ದು ತೊಂಬತ್ತು ಮತಗಳಿಂದ. ತೊಂಬತ್ತಮೂರು ಮಂದಿ ತಮ್ಮ ಬೂಟುಗಳನ್ನು ನೋಡಿಕೊಂಡರು. ಆರ್ಡೆಲ್ ನನ್ನತ್ತ ತಿರುಗಲಿಲ್ಲ. ಕಾಗದಗಳನ್ನು ಒಂದರ ಮೇಲೊಂದು ಸರಿಯಾಗಿ ಜೋಡಿಸುತ್ತಿದ್ದ. ಅವನ ಪಕ್ಕ ಅಷ್ಟು ವರ್ಷ ಕೂತರೂ ಅವನ ಮೌನ ನನಗೆ ಕೇಳಿಸಿದ್ದು ಆಗಲೇ.

"ಮತ್ತೇನೂ ಇಲ್ಲದಿದ್ರೆ..." ಎಂದು ಹ್ರುಸ್ಕಾ ಸುತ್ತಿಗೆ ಎತ್ತಿದ.

ನಾನು ಎದ್ದೆ. "ಸಭಾಧ್ಯಕ್ಷರೇ, ನಾನು ಕೆಂಪು ಒತ್ತಿದ್ದೆ. ಮತ್ತೆ ಮತಕ್ಕೆ ಹಾಕಿ."

"ಕಾರಣ ಹೇಳ್ಬೇಕಮ್ಮ, ದಾಖಲೆಗೆ."

"ತಮಾಷೆಗೆ ಒತ್ತಿದ್ದೆ."

"ಇನ್ನೂ ಸ್ವಲ್ಪ ಘನವಾದ ಕಾರಣ ಏನಾದ್ರೂ ಇದೆಯಾ?"

"ಇಲ್ಲ."

ಈ ಸಲ ತೊಂಬತ್ತನಾಲ್ಕೂ ಹಸಿರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಆರ್ಡೆಲ್ ಕೋಟು ಹಾಕಿಕೊಂಡು, "ಇಂಗಾಗೆ ಫೋನ್ ಮಾಡ್ಬೇಕು," ಎಂದು ಹೊರಟುಹೋದ.

ಸೆಪ್ಟೆಂಬರಿನಲ್ಲಿ ನನ್ನ ಎದುರಾಳಿಯ ಕರಪತ್ರ ಮನೆಮನೆಗೆ ಬಂತು. ನಾನು ಬಾಯಿ ತೆರೆದಿದ್ದ ಫೋಟೋ. ಕೆಳಗೆ ಒಂದು ಆಂಬುಲೆನ್ಸ್. ಅದರ ಕೆಳಗೆ, ದಪ್ಪ ಅಕ್ಷರಗಳಲ್ಲಿ, "ತಮಾಷೆಗೆ."

ಅದಾದ ವಾರಕ್ಕೆ ಆರ್ಡೆಲ್ ಇನ್ನೂರು ಮೈಲಿ ಗಾಡಿ ಓಡಿಸಿಕೊಂಡು ನಮ್ಮೂರಿಗೆ ಬಂದ. ಬೇರೆ ಪಕ್ಷದವಳಿಗಾಗಿ ಬಾಗಿಲು ಬಾಗಿಲು ತಟ್ಟಿ, ನನ್ನ ಕರಪತ್ರ ಕೊಟ್ಟು, ಸುಮ್ಮನೆ ನಿಲ್ಲುತ್ತಿದ್ದ. ನಾನು ಬೀದಿಯ ಈಚೆ ಬದಿಯಿಂದ ನೋಡುತ್ತಿದ್ದೆ.

ಒಬ್ಬ ಹೆಂಗಸು ಕೇಳಿದಳು. "ಯಾರಪ್ಪ ನೀನು? ಏನ್ ಬೇಕಿತ್ತು?"

"ಇವಳಿಗೆ ಹಾಕಿ."

"ಇವಳಿಗಾ? ಆಂಬುಲೆನ್ಸಿನವಳಿಗೆ? ಯಾಕೆ?"

ಆರ್ಡೆಲ್ ಟೋಪಿ ತೆಗೆದು ಯೋಚಿಸತೊಡಗಿದ. ಅವನು ಎಷ್ಟು ಹೊತ್ತು ಯೋಚಿಸಿದನೆಂದರೆ, ಅವಳು ಒಳಗೆ ಹೋಗಿ ಕಾಫಿ ತಂದು ಕೊಟ್ಟಳು. ಅವನು ಕುಡಿದ, ಲೋಟ ವಾಪಸು ಕೊಟ್ಟ, ಮುಂದಿನ ಮನೆಗೆ ನಡೆದ.

ನವೆಂಬರಿನಲ್ಲಿ ನಾನು ನಲವತ್ತೊಂದು ಮತಗಳಿಂದ ಸೋತೆ. ಆ ಬೀದಿಯಲ್ಲೂ ಸೋತಿದ್ದೆ.