ಉಣ್ಣೆಯ ಚಪ್ಪಲಿಯಲ್ಲಿ ಹತ್ತಿದ ಏರು

ವಿದೋಸಾವಾಗೆ ಎಪ್ಪತ್ತಮೂರು ವರ್ಷ. ಅವಳ ನಾಡಿನಲ್ಲಿ ಬೇಸಿಗೆ ಶುರುವಾಗುವ ಜೂನ್ ಬಂತೆಂದರೆ ಕುರಿಗಳನ್ನು ಹೊಡೆದುಕೊಂಡು ಬೆಟ್ಟದ ಮೇಲಿನ ಬೇಸಿಗೆ ಗುಡಿಸಲಿಗೆ ಹೋಗುವವಳು. ಐವತ್ತು ವರ್ಷದಲ್ಲಿ ಒಮ್ಮೆಯೂ ತಪ್ಪಿಸಿದವಳಲ್ಲ. ಈ ವಸಂತದಲ್ಲಿ ಮಾತ್ರ ಏರು ಹತ್ತುವಾಗ ಎರಡು ಸಲ ಎದೆ ಹಿಡಿದುಕೊಂಡಿತು. ಮಗ ವುಕಾಶಿನ್ ಕಡ್ಡಿ ಮುರಿದಂತೆ ಹೇಳಿಬಿಟ್ಟ: "ಡಾಕ್ಟ್ರು ಸರಿ ಅಂದ್ರೆ ಹೋಗು. ಇಲ್ಲಾಂದ್ರೆ ಕುರಿ ಮಾರಿಬಿಡ್ತೀನಿ."

ಪಟ್ಟಣದ ಆಸ್ಪತ್ರೆಯಲ್ಲಿ ಎದೆಯ ಪರೀಕ್ಷೆ ಮಾಡುವ ಟ್ರೆಡ್‌ಮಿಲ್ ಕೋಣೆಯ ಬಾಗಿಲಿಗೆ ಚೀಟಿ ಅಂಟಿಸಿತ್ತು: ಬೂಟು ಹೊರಗೆ ಬಿಡಿ. ಅವಳಿಗೆ ಮೆಚ್ಚುಗೆಯಾಯಿತು. ಮರ್ಯಾದಸ್ಥರ ಜಾಗಕ್ಕೆ ಯಾರಾದರೂ ಬೂಟುಗಾಲಲ್ಲಿ ಬರುತ್ತಾರೆಯೇ? ತಾನೇ ಹೆಣೆದ ಉಣ್ಣೆಯ ಚಪ್ಪಲಿಯನ್ನು ಚೀಲದಿಂದ ತೆಗೆದು ಮೆಟ್ಟಿಕೊಂಡಳು. ಅಂಥದ್ದೊಂದು ಜೊತೆ ಇಟ್ಟುಕೊಳ್ಳದೆ ಆಸ್ಪತ್ರೆಗೆ ಹೊರಡುವ ಹೆಂಗಸು ಆ ಸೀಮೆಯಲ್ಲೇ ಇಲ್ಲ.

ನರ್ಸ್ ಎದೆಗೆ ವೈರು ಅಂಟಿಸಿ ಯಂತ್ರ ಶುರು ಮಾಡಿದಳು. ಕಾಲಡಿಯ ಪಟ್ಟಿ ಓಡಿತು, ಮುಂದುಗಡೆ ಮೇಲೆದ್ದು ಏರಾಯಿತು, ಉಣ್ಣೆ ಜಾರಿತು. ವಿದೋಸಾವಾ ಎರಡೂ ಕೈಯಲ್ಲಿ ಕಂಬಿ ಹಿಡಿದು ಜೋತುಬಿದ್ದಳು. ನಾಲ್ಕನೇ ನಿಮಿಷಕ್ಕೆ ಒಂದು ಚಪ್ಪಲಿ ಹಿಂದಕ್ಕೆ ಹಾರಿ ಗೋಡೆಗೆ ಬಡಿಯಿತು. ಯಂತ್ರ ನಿಲ್ಲಿಸಿದರು.

ಡಾಕ್ಟರ್ ಬಾಲ್ಶಾ ತಲೆಯೆತ್ತದೆ ಬರೆಯುತ್ತಲೇ ಹೇಳಿದ: "ಇಸಿಜಿಯಲ್ಲಿ ಏನೂ ಕಾಣ್ಲಿಲ್ಲ ಅಜ್ಜಿ. ವಯಸ್ಸಾಯ್ತು, ಸುಸ್ತು, ಅಷ್ಟೇ. ಬೆಟ್ಟ ಗಿಟ್ಟ ಬಿಟ್ಟು ಮನೇಲಿರಿ."

ಅವಳ ಪಿತ್ತ ನೆತ್ತಿಗೇರಿತು. ಐವತ್ತು ವರ್ಷದ ಬೆಟ್ಟವನ್ನು ಒಂದು ಸಾಲಿನಲ್ಲಿ ಅಳಿಸಿಹಾಕಿದವನು ಇನ್ನೂ ಅವಳ ಮುಖವನ್ನೇ ನೋಡಿರಲಿಲ್ಲ!

"ಸುಸ್ತಾಗಿದ್ದು ಯಾರಿಗಪ್ಪಾ? ನಂಗೆ ಬೆವರೂ ಬಂದಿಲ್ಲ, ಎದೇನೂ ಹಿಡೀಲಿಲ್ಲ. ಜಾರಿದ್ದು ಚಪ್ಪಲಿ! ನೀನು ಪರೀಕ್ಷೆ ಮಾಡಿದ್ದು ನನ್ನ ಎದೇನೋ, ಉಣ್ಣೇನೋ?"

"ರೂಲ್ಸು ಅಜ್ಜಿ. ಪಟ್ಟಿ ಕೊಳೆಯಾಗುತ್ತೆ," ಅಂದಳು ನರ್ಸ್.

"ಕೊಳೆಯಾದ್ರೆ ಒರೆಸಬಹುದು ಕಣೇ. ನಾನು ಸತ್ರೆ ಏನು ಒರೆಸ್ತೀಯ?"

ಹೊರಗೆ ಹೋಗಿ ಬೂಟು ತಂದಳು. ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ ಅಡಿಭಾಗವನ್ನು ತಿಕ್ಕಿ ತಿಕ್ಕಿ ಒರೆಸಿದಳು. ಮತ್ತೆ ಪರೀಕ್ಷೆಗೆ ಮೊದಲು ದಣಿವಾರಲೆಂದು ಡಾಕ್ಟರ್ ಗೊಣಗುತ್ತ ಕಾಲು ಗಂಟೆ ಕೂರಿಸಿದ. ಅವಳ ಮುಖ ನೋಡಿದ ಮೇಲೆ ಗೊಣಗುವುದನ್ನೂ ಬಿಟ್ಟ.

ಈ ಸಲ ಅವಳು ಕಂಬಿ ಹಿಡಿಯಲಿಲ್ಲ. ಕುರಿಗಳ ಹಿಂದೆ ಹೋಗುವಂತೆ ನಡೆದಳು. ಐದು ನಿಮಿಷ, ಆರು, ಏಳು. ಎಂಟನೆಯದಕ್ಕೆ ಎದೆ ಹಿಡಿದುಕೊಂಡಿತು, ವಸಂತದಲ್ಲಿ ಹಿಡಿದ ಹಾಗೆಯೇ. ಪರದೆ ನೋಡುತ್ತಿದ್ದ ಬಾಲ್ಶಾ ಧಾವಿಸಿ ಬಂದು ಯಂತ್ರ ನಿಲ್ಲಿಸಿ ಅವಳನ್ನು ಕೂರಿಸಿದ.

"ರಕ್ತನಾಳ ಕಟ್ಟಿರೋ ಹಾಗಿದೆ ಅಮ್ಮಾ," ಅವನ ದನಿ ಇಳಿದಿತ್ತು. "ಇವತ್ತೇ ದೊಡ್ಡಾಸ್ಪತ್ರೆಗೆ ಕಳಿಸ್ತೀನಿ. ಸರಿಹೋದ್ರೆ ಮುಂದಿನ ಜೂನ್‌ಗೆ ಬೆಟ್ಟ ಹತ್ತಬಹುದು."

ಈ ಬೇಸಿಗೆ ಹೋಯಿತು. ಅವಳ ಕಣ್ಣು ತುಂಬಿತು. ಆದರೂ ಈ ಸಲ ಬೇಡವೆಂದು ಹೇಳಿದ್ದು ಎದೆ, ಚಪ್ಪಲಿಯಲ್ಲ. ಎದೆಯ ಮಾತನ್ನು ಅವಳು ಕೇಳುತ್ತಾಳೆ.

"ನನ್ನ ಮಗ ವುಕಾಶಿನ್‌ಗೆ ನೀನೇ ಫೋನ್ ಮಾಡು. ಮುಂದಿನ ವರ್ಷ ಬೆಟ್ಟಕ್ಕೆ ಹೋಗ್ತೀನಿ, ಕುರಿ ಮುಟ್ಟಬೇಡ ಅಂತ ಹೇಳು. ಇನ್ನೊಂದು ಮಾತು ಡಾಕ್ಟ್ರೇ. ನನ್ನ ಹಾಗೆ ಎಷ್ಟು ಜನರನ್ನ ಚಪ್ಪಲೀಲಿ ನಡೆಸಿ ಮನೆಗೆ ಕಳಿಸಿದೀಯ?"

ಬಾಲ್ಶಾ ಫೋನ್ ಕೈಗೆತ್ತಿಕೊಂಡ.

ಗಾಲಿಕುರ್ಚಿಯಲ್ಲಿ ಹೊರಗೆ ತಂದಾಗ ಬೆಂಚಿನ ಮೇಲೆ ಮೂವರು ಮುದುಕರು ಕಾದಿದ್ದರು. ಕಾಲಲ್ಲಿ ಮನೆಚಪ್ಪಲಿ, ಬೆಂಚಿನಡಿ ಸಾಲಾಗಿ ಬೂಟು. ವಿದೋಸಾವಾ ಕೈ ಚಾಚಿ ಬಾಗಿಲಿನ ಚೀಟಿಯನ್ನು ಪರ್ರನೆ ಕಿತ್ತಳು.

"ಏಳ್ರೀ," ಅಂದಳು, "ಎಲ್ಲರೂ ಬೂಟು ಹಾಕ್ಕೊಳ್ಳಿ."