ಮೀನಿನ ಪಾಲಿನ ನೀರು

"ಹಿಂದೆ ಸರಿಯೇ ಮುಂಡೆ, ನಿನ್ನ ನಾತ ಗಾಜಿಗೆ ಅಂಟ್ಕೊಳ್ಳುತ್ತೆ" ಎಂದು ಕೋಲಿನ ತುದಿಯಿಂದ ನನ್ನ ಭುಜ ನೂಕಿದ ಸೀಟಿ. ಕೈಯಿಂದ ನೂಕಿದರೆ ಅವನಿಗೆ ಬಣ್ಣ ಹತ್ತುತ್ತಿತ್ತು.

ಸೀಟಿ ನಮ್ಮ ಸೂಪರ್‌ವೈಸರ್. ಕತ್ತಿನಲ್ಲಿ ಸದಾ ಒಂದು ಸೀಟಿ ನೇತಾಡುತ್ತಿದ್ದುದರಿಂದ ಅವನಿಗೆ ಆ ಹೆಸರು. ಆ ದಿನ ಹಿಂದಿನ ಗೇಟಿನ ಬೀಗ ಕೆಟ್ಟು, ಗುಂಡಿಯ ಕೆಲಸದವರೆಲ್ಲ ಮುಂಬಾಗಿಲಿನಿಂದ ಹಾಯಬೇಕಾಗಿ ಬಂದಿತ್ತು. ಅಲ್ಲಿ ಗಾಜಿನ ತೊಟ್ಟಿಯ ಪಕ್ಕದಲ್ಲಿ ನನ್ನ ವಾರಗಿತ್ತಿ, ಎಂದರೆ ಮೈದುನನ ಹೆಂಡತಿ, ಹಸಿರು ಕೋಟು ತೊಟ್ಟುಕೊಂಡು ಮೀನಿಗೆ ಕಾಳು ಹಾಕುತ್ತಿದ್ದಳು. ಅವನು ನೂಕಿದ್ದನ್ನು ನೋಡಿದಳು. ನೋಡಿಯೂ ಮೀನಿನ ಕಡೆ ತಿರುಗಿದಳು. ಅವನ ಕೋಲಿಗಿಂತ ಆ ಬೆನ್ನು ನನ್ನನ್ನು ಹೆಚ್ಚು ಚುಚ್ಚಿತು.

ನಮ್ಮದು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ. ಬಣ್ಣ ಹಾಕಿ ಉಳಿದ ನೀರು ಹಿಂದಿನ ಗುಂಡಿಗೆ ಬರುತ್ತದೆ. ತಳದಲ್ಲಿ ನಿಂತ ರಾಡಿಯನ್ನು ನಾವು ಸಲಿಕೆಯಿಂದ ಎಳೆಯುತ್ತೇವೆ, ಮೇಲಿನ ನೀರು ಕೊಳವೆಯಲ್ಲಿ ಹಳ್ಳಕ್ಕೆ ಹೋಗುತ್ತದೆ. ನೀರು ಶುದ್ಧ ಮಾಡುವ ದೊಡ್ಡ ಯಂತ್ರವೂ ಇದೆ. ಅಧಿಕಾರಿ ಬರುವ ದಿನ ಅದು ಗುರ್ ಎನ್ನುತ್ತದೆ, ಮಿಕ್ಕ ದಿನ ಅದರ ನೆರಳಿನಲ್ಲಿ ನಾವು ಬುತ್ತಿ ಬಿಚ್ಚುತ್ತೇವೆ. ಹಳ್ಳದ ಪಕ್ಕದಲ್ಲೇ ನಮ್ಮ ಸಾಲುಮನೆಗಳು, ಅಲ್ಲೇ ಬೋರು. ಕಾರ್ಖಾನೆಯಲ್ಲಿ ಈ ವಾರ ಯಾವ ಬಣ್ಣದ ಕೆಲಸ ಎಂಬುದನ್ನು ನಾವು ಕೊಡದಲ್ಲೇ ನೋಡಿ ಹೇಳುತ್ತಿದ್ದೆವು.

ಮೊದಲು ನಾನೂ ವಾರಗಿತ್ತಿಯೂ ಒಂದೇ ಗುಂಡಿಯಲ್ಲಿ ಇಳಿಯುತ್ತಿದ್ದೆವು. ಒಂದು ದಿನ ದೊಡ್ಡ ಸಾಹೇಬರು ಮೇಲಿನಿಂದ ಬಗ್ಗಿ ನೋಡಿ, ನಗುವ ಮುಖದವಳು ಯಾರಾದರೂ ಬೇಕೆಂದರಂತೆ. ಅವಳು ನಕ್ಕಳು. ನಾನು ಆಗ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದೆ. ಅಷ್ಟೇ ವ್ಯತ್ಯಾಸ. ಅವಳು ಮುಂಬಾಗಿಲಿಗೆ ಹೋದಳು, ನಾನು ಗುಂಡಿಯಲ್ಲೇ ಉಳಿದೆ.

ಗಾಜಿನ ತೊಟ್ಟಿಯ ಮೇಲೊಂದು ಬೋರ್ಡಿತ್ತು: "ಈ ತೊಟ್ಟಿಯಲ್ಲಿರುವುದು ನಮ್ಮ ಕಾರ್ಖಾನೆ ಹೊರಬಿಡುವ ನೀರು. ಇದರಲ್ಲಿ ಮೀನು ಬದುಕುತ್ತದೆ." ಪಕ್ಕದಲ್ಲಿ ನಲ್ಲಿಯಿದ್ದ ಒಂದು ಹಸಿರು ಡ್ರಮ್ಮು. ಎರಡು ದಿನಕ್ಕೊಮ್ಮೆ ಟೆಂಪೋದಲ್ಲಿ ಕುಡಿಯುವ ನೀರಿನ ಕ್ಯಾನುಗಳು ಬರುತ್ತಿದ್ದವು. ಆ ನೀರನ್ನು ಯಾರೂ ಕಾಣದಂತೆ ಡ್ರಮ್ಮಿಗೆ ಸುರಿದು, ಎಲ್ಲರಿಗೂ ಕಾಣುವಂತೆ ತೊಟ್ಟಿಗೆ ಬಿಡುವುದೇ ಅವಳ ಕೆಲಸ. ಪರಿಸರ ಇಲಾಖೆಯ ಅಧಿಕಾರಿ ಬಂದಾಗಲೆಲ್ಲ ಆ ತೊಟ್ಟಿಯಿಂದಲೇ ಶೀಶೆಗೆ ನೀರು ತುಂಬಿಕೊಳ್ಳುತ್ತಿದ್ದರು. ಹಿತ್ತಲಿಗೆ ಬಂದರೆ ಬೂಟು ಹಾಳು.

ಎರಡೇ ತಿಂಗಳಲ್ಲಿ ಅವಳ ಉಗುರು ಬೆಳ್ಳಗಾಯಿತು. ಅಡುಗೆಮನೆಗಳ ನಡುವೆ ಒಂದೇ ಗೋಡೆ. ಅವಳ ಮನೆಯ ಪಾತ್ರೆ ಸದ್ದು ಮಾಡಿದರೂ ನನ್ನ ಹೊಟ್ಟೆ ಉರಿಯುತ್ತಿತ್ತು. ಒಂದು ಸಂಜೆ ಬೆಂಕಿಪೊಟ್ಟಣ ಕೇಳುವ ನೆಪದಲ್ಲಿ ಒಳಗೆ ಹೋದೆ. ಅವಳ ಮಗಳ ತಟ್ಟೆಯಲ್ಲಿ ಅನ್ನ ಬೆಳ್ಳಗಿತ್ತು. ನಮ್ಮ ಮನೆಯ ಅನ್ನ ಬೆಂದ ಮೇಲೆ ಹಳದಿಗೆ ತಿರುಗುತ್ತಿತ್ತು. ನನ್ನ ಕಿರಿಯವಳು ಉಂಡಾದ ಮೇಲೆ ಮೊಣಕೈ ಕೆರೆದು ಕೆರೆದು ರಕ್ತ ಬರಿಸಿಕೊಳ್ಳುತ್ತಿದ್ದಳು. ಅದೇ ಅಕ್ಕಿ, ಅದೇ ಅಂಗಡಿ.

ಮನೆಗೆ ಬಂದರೆ ಗಂಡ ಬೇರೆ, "ಅವಳ ಕೈ ನೋಡು ಹೆಂಗಿದೆ, ನಿನ್ನ ಕೈ ನೋಡು" ಎಂದ. ತಮಾಷೆಗೇ ಅಂದದ್ದು. ನಾನು ಅವನಿಗೆ ಎರಡು ದಿನ ಅನ್ನ ಬಡಿಸಲಿಲ್ಲ.

ಹೊಂಚು ಹಾಕಿದೆ. ನಾಲ್ಕನೆಯ ದಿನ ತಿಳಿಯಿತು. ಕ್ಯಾನಿನ ತಳದಲ್ಲಿ ಉಳಿದ ನೀರನ್ನು ಹೂವಿನ ಪಾತಿಗೆ ಚೆಲ್ಲಬೇಕೆಂಬುದು ನಿಯಮ. ಅವಳು ಅದನ್ನು ಎರಡು ಬಾಟಲಿಗೆ ತುಂಬಿ, ಬುತ್ತಿಚೀಲದಲ್ಲಿ ಸೀರೆಯ ಚೂರು ಸುತ್ತಿ ತರುತ್ತಿದ್ದಳು.

ನಾನು ಸೀಟಿಗೆ ಹೆಚ್ಚೇನೂ ಹೇಳಲಿಲ್ಲ. ಮುಂಬಾಗಿಲಿನವರ ಚೀಲ ಸಂಜೆಗೆ ಯಾಕೆ ಭಾರವಾಗುತ್ತದೋ ಎಂದೆ, ಅಷ್ಟೇ.

ಸಂಜೆ ಗೇಟಿನಲ್ಲಿ ಇಡೀ ಪಾಳಿಯ ಮುಂದೆ ಅವಳ ಚೀಲ ಬೋರಲು ಹಾಕಿದರು. ಬಾಟಲಿಗಳನ್ನು ಅವಳ ಕೈಯಿಂದಲೇ ನೆಲಕ್ಕೆ ಸುರಿಸಿದರು.

"ಮೀನಿನ ನೀರು ಕದೀತೀಯಲ್ಲೇ ಬೇವರ್ಸಿ, ನಾಚಿಕೆ ಆಗಲ್ವಾ?" ಎಂದ ಸೀಟಿ.

"ಮಗಳಿಗೆ ಕುಡಿಸ್ದೆ ಸಾರ್. ಮೀನೇನೂ ಬಾಯಾರ್ಕೊಂಡು ಸಾಯ್ಲಿಲ್ಲ" ಎಂದಳು.

ಯಾರೋ ಕಿಸಕ್ಕೆಂದು ನಕ್ಕರು. ಸೀಟಿ ಅವಳ ಕೋಟಿನ ಗುಂಡಿಗಳನ್ನು ತಾನೇ ಬಿಚ್ಚಿದ, ನಿಧಾನವಾಗಿ, ಒಂದೊಂದಾಗಿ. ಅವಳು ರವಿಕೆಯ ಮೇಲೆ ಸೆರಗು ಎಳೆದುಕೊಂಡು ನನ್ನತ್ತ ನೋಡಿದಳು. ಮನೆಗೆ ಹೋಗುವ ದಾರಿಯಲ್ಲಿ ಹಿಂದಿನಿಂದ ಬಂದು, ಬೈಯದೆ, ಕೂಗದೆ ಒಂದೇ ಮಾತು ಹೇಳಿದಳು.

"ಕೇಳಿದ್ರೆ ಒಂದು ಬಾಟ್ಲಿ ಕೊಡ್ತಿದ್ನಲ್ಲೇ ಅಕ್ಕ."

ಕೊಡುತ್ತಿದ್ದಳೋ ಇಲ್ಲವೋ ನನಗೆ ಈಗಲೂ ಗೊತ್ತಿಲ್ಲ.

ಕಳ್ಳಿಯನ್ನು ಹಿಡಿದುಕೊಟ್ಟವಳೆಂದು ಕೋಟು ನನಗೆ ಬಂತು, ಅವಳು ಗುಂಡಿಗೆ ಇಳಿದಳು. ಕೋಟಿನ ತೋಳಿನಲ್ಲಿ ಇನ್ನೂ ಅವಳ ಬೆವರಿನ ವಾಸನೆಯಿತ್ತು. ನನ್ನ ಕೈಯ ಬಣ್ಣ ಹೋಗದ್ದರಿಂದ ಬಿಳಿ ಗ್ಲೌಸು ಕೊಟ್ಟರು, ಕನ್ನಡಿಯ ಮುಂದೆ ನಿಲ್ಲಿಸಿ ನಗುವುದನ್ನು ಕಲಿಸಿದರು. ನಾನು ಬಯಸಿದ್ದೆಲ್ಲ ಸಿಕ್ಕಿತ್ತು, ನೀರೊಂದು ಬಿಟ್ಟು. ಏಕೆಂದರೆ ಈಗ ಪ್ರತಿ ಸಂಜೆ ಗೇಟಿನಲ್ಲಿ ನನ್ನ ಚೀಲ, ಸೆರಗು, ಕೊನೆಗೆ ಬುತ್ತಿಯ ಮುಚ್ಚಳವನ್ನೂ ತೆಗೆದು ನೋಡುತ್ತಿದ್ದರು.

ದಿನವಿಡೀ ಮೀನುಗಳನ್ನು ನೋಡುತ್ತ ನಿಂತೆ. ಹನ್ನೊಂದು ಮೀನು. ಎಲ್ಲಕ್ಕಿಂತ ದಪ್ಪನೆಯ ಕೆಂಪು ಮೀನಿಗೆ ಯಜಮಾನ್ತಿ ಎಂದು ಹೆಸರಿಟ್ಟಿದ್ದೆ. ಅದು ಗಾಜಿಗೆ ಬಾಯಿ ಒತ್ತಿ, ಗುಟುಕು ಗುಟುಕಾಗಿ, ನನ್ನನ್ನು ನೋಡಿಕೊಂಡೇ ಕುಡಿಯುತ್ತಿತ್ತು. ಅದರ ಮೈಮೇಲೆ ಒಂದೂ ಗಾಯವಿರಲಿಲ್ಲ. ವಾರಗಿತ್ತಿಯನ್ನು ಕಂಡರೂ ನಾನು ಅಷ್ಟು ಉರಿದುಕೊಂಡಿರಲಿಲ್ಲ.

ಕಿರಿಯವಳ ತುರಿ ಕುತ್ತಿಗೆಗೆ ಹತ್ತಿ, ಜ್ವರ ಬಂದ ದಿನ ನಾಲಿಗೆ ಹಿಡಿಯಲಾಗಲಿಲ್ಲ. ಪಾತಿಗೆ ಚೆಲ್ಲುವ ನೀರಿನಲ್ಲಿ ಒಂದೇ ಒಂದು ಬಾಟಲಿ ಒಯ್ಯಲೇ ಎಂದು ಸೀಟಿಯನ್ನು ಕೇಳಿದೆ. ಅವನು ಸಿಟ್ಟಾಗಲಿಲ್ಲ. ದಡ್ಡರಿಗೆ ಲೆಕ್ಕ ಬಿಡಿಸಿ ಹೇಳುವವನಂತೆ ಹೇಳಿದ.

"ನೋಡು, ಮೀನು ಸತ್ರೆ ಪರವಾನಗಿ ಹೋಗುತ್ತೆ. ನಿನ್ನ ಮಗು ಸತ್ರೆ ಏನು ಹೋಗುತ್ತೆ?"

ನಾನು ಕನ್ನಡಿಯಲ್ಲಿ ಕಲಿತಿದ್ದ ನಗು ನಕ್ಕೆ.

ಆ ವಾರದ ಕೊನೆಗೆ ದೊಡ್ಡ ಸಮಾರಂಭ. ಪರವಾನಗಿ ಹೊಸದಾಗಿಸಲು ಅಧಿಕಾರಿ ಬರುವವರಿದ್ದರು, ಬಟ್ಟೆ ಕೊಳ್ಳುವ ಕಂಪನಿಯವರು ಹಸಿರು ಪ್ರಶಸ್ತಿಯ ಫಲಕ ಹೊತ್ತು ತರುವವರಿದ್ದರು. ಬೆಳಗ್ಗೆ ಎಲ್ಲರೂ ಕುರ್ಚಿ ಒರೆಸುತ್ತಿದ್ದಾಗ, ಯಂತ್ರವನ್ನು ಇನ್ನೂ ಶುರುಮಾಡುವ ಮುನ್ನ, ಎರಡು ಖಾಲಿ ಕ್ಯಾನು ಹಿಡಿದು ಹಿಂದಕ್ಕೆ ಹೋದೆ. ಒಳಗಿಂದ ಹೊರಗೆ ನೀರು ಹೋಗದಂತೆ ಕಾವಲಿತ್ತು. ಹಿಂದಿನಿಂದ ಮುಂದಕ್ಕೆ ನೀರು ತರುವ ಹುಚ್ಚು ಯಾರಿಗಾದರೂ ಬಂದೀತೆಂದು ಯಾರೂ ಎಣಿಸಿರಲಿಲ್ಲ.

ವಾರಗಿತ್ತಿ ಗುಂಡಿಯೊಳಗೆ ಮೊಣಕಾಲುದ್ದ ರಾಡಿಯಲ್ಲಿ ನಿಂತಿದ್ದಳು. ಉಗುರುಗಳು ಮತ್ತೆ ನೇರಳೆಯಾಗಿದ್ದವು. ಕ್ಯಾನು ಕೆಳಗಿಳಿಸಿದೆ. ಅವಳು ಕ್ಯಾನನ್ನು ನೋಡಿದಳು, ಕೋಟನ್ನು ನೋಡಿದಳು, ನನ್ನ ಮುಖ ಮಾತ್ರ ನೋಡಲಿಲ್ಲ. ಕೊಳವೆಯ ಬಾಯಿಗೇ ಹಿಡಿದು ಎರಡನ್ನೂ ಕಂಠಮಟ್ಟ ತುಂಬಿ ಮೇಲೆ ಎತ್ತಿಕೊಟ್ಟಳು.

"ಭಾರ ಇದೆ, ಹುಷಾರಾಗಿ ಹಿಡ್ಕೋ" ಎಂದಳು.

ದೊಡ್ಡ ಸಾಹೇಬರು ಬಹಳ ಹೊತ್ತು ಮಾತಾಡಿದರು. ಭೂಮಿ ತಾಯಿಯೆಂದರು, ಲಾಭಕ್ಕಿಂತ ನೀತಿ ದೊಡ್ಡದೆಂದರು, ಕಾನೂನು ಕೇಳುವುದಕ್ಕಿಂತ ಒಂದು ಹೆಜ್ಜೆ ಮುಂದಿದ್ದೇವೆಂದರು. ಆಮೇಲೆ ಅಧಿಕಾರಿಯ ಕೈಯಿಂದಲೇ ಮೀನಿಗೆ ಹೊಸ ನೀರು ಹಾಕಿಸುವುದೆಂದಾಯಿತು. ನಾನು ಡ್ರಮ್ಮಿನ ನಲ್ಲಿ ತಿರುಗಿಸಿ ಸ್ಟೀಲಿನ ಹೂಜಿ ತುಂಬಿ ಕೊಟ್ಟೆ. ಅವರು ಕ್ಯಾಮೆರಾದ ಕಡೆ ಮುಖ ಮಾಡಿ ಸುರಿದರು.

ಚಪ್ಪಾಳೆ ಅರ್ಧಕ್ಕೆ ನಿಂತಿತು. ತೊಟ್ಟಿಯೊಳಗೆ ನೇರಳೆ ಮೋಡವೊಂದು ಬಿಚ್ಚಿಕೊಂಡು ತಳದವರೆಗೆ ಇಳಿಯಿತು. ಮೀನುಗಳು ಗಾಜಿಗೆ ಡಿಕ್ಕಿ ಹೊಡೆಯತೊಡಗಿದವು. ಯಜಮಾನ್ತಿ ಎಲ್ಲರಿಗಿಂತ ಮೊದಲು ಮಗ್ಗುಲಾಯಿತು.

"ಏನೇ ಸುರಿದೆ, ಲೌಡಿ?" ಸೀಟಿ ಹಲ್ಲು ಕಚ್ಚಿ ನನ್ನ ಜುಟ್ಟು ಹಿಡಿದ.

ಅಧಿಕಾರಿ ತಮ್ಮ ಅಂಗಿಯ ತೋಳಿಗೆ ಸಿಡಿದ ಹನಿಗಳನ್ನು ನೋಡುತ್ತ, ಇದು ಯಾವ ನೀರು ಎಂದು ಕೇಳಿದರು.

ನಾನು ಗ್ಲೌಸು ಕಳಚಿ ಬೋರ್ಡು ತೋರಿಸಿದೆ. ನನ್ನ ಬೆರಳೂ ತೊಟ್ಟಿಯ ನೀರೂ ಒಂದೇ ಬಣ್ಣವಾಗಿದ್ದವು.

"ಅಲ್ಲಿ ಬರ್ದಿದಾರಲ್ಲ ಸಾರ್, ಅದೇ ನೀರು. ಹಾಕಿದ್ದು ಮಾತ್ರ ಇವತ್ತೇ ಮೊದ್ಲು."

ಒಂದರ ಹಿಂದೊಂದು ಮೀನು ಹೊಟ್ಟೆ ಮೇಲಾಗಿ ತೇಲಿ ಬರುತ್ತಿತ್ತು. ಅಧಿಕಾರಿಯ ಕೈಯಲ್ಲಿ ಹೂಜಿ ಇನ್ನೂ ಅರ್ಧ ತುಂಬಿಯೇ ಇತ್ತು. ಅದನ್ನು ಎಲ್ಲಿ ಚೆಲ್ಲಬೇಕೆಂದು ತಿಳಿಯದೆ ಅವರು ಸುತ್ತ ನೋಡುತ್ತಿದ್ದರು.